ಕಾರ್ಡ್ ಕೈಯಲ್ಲುಂಟು, ಖಾತೆ ಯಾವುದು?



ನಿಮ್ಮ ಪರ್ಸ್ ತೆಗೆದು ಕಾರ್ಡುಗಳನ್ನೆಲ್ಲ ಒಮ್ಮೆ ಮೇಜಿನ ಮೇಲೆ ಸಾಲಾಗಿ ಇಡಿ. ಇಲ್ಲಿನ ಸಂಬಳದ ಕಾರ್ಡ್ ಒಂದು. ಮಾಲ್‌ನಲ್ಲಿ ಯಾರೋ ಹಿಂದೆ ಬಿದ್ದು ಮಾಡಿಸಿದ ಕ್ರೆಡಿಟ್ ಕಾರ್ಡ್ ಇನ್ನೊಂದು. ಊರಿನ ಬ್ಯಾಂಕಿನ ಎನ್‌ಆರ್‌ಇ ಕಾರ್ಡ್ ಮತ್ತೊಂದು. ಗಲ್ಫಿಗೆ ಬರುವ ಮೊದಲೇ ತೆರೆದಿದ್ದ ಹಳೆಯ ಉಳಿತಾಯ ಖಾತೆಯ ಎಟಿಎಂ ಕಾರ್ಡೂ ಪರ್ಸಿನ ಮೂಲೆಯಲ್ಲಿ ಇರಬಹುದು. ಈಗ ಒಂದೊಂದನ್ನೇ ಕೈಯಲ್ಲಿ ಹಿಡಿದು ಉತ್ತರ ಹೇಳಿ. ಇದು ಯಾವ ಖಾತೆಯ ಕಾರ್ಡ್? ಇದರ ಓಟಿಪಿ ಯಾವ ನಂಬರಿಗೆ ಬರುತ್ತದೆ? ನಾಳೆ ನನಗೇನಾದರೂ ಆದರೆ ಇದರಲ್ಲಿ ಮನೆಯವರಿಗೆ ಸಿಗಬೇಕಾದ ಹಣ ಉಂಟಾ, ಅವರ ತಲೆಗೆ ಬರುವ ಸಾಲ ಉಂಟಾ?

ಎಲ್ಲ ಕಾರ್ಡಿಗೂ ಸರಿಯಾದ ಉತ್ತರ ಕೊಡುವವರು ನಮ್ಮಲ್ಲಿ ಕಡಿಮೆ. ಲೆಕ್ಕಪತ್ರದ ಕೆಲಸದಲ್ಲಿ ಇರುವುದರಿಂದ ಈ ವಿಷಯದ ಪ್ರಶ್ನೆಗಳು ಕೇಳಿ ಕೇಳಿ ಅಭ್ಯಾಸವಾಗಿದೆ. ಹಾಗಾಗಿ ಈ ಸಂಚಿಕೆಯ ಸಂಪಾದಕೀಯವನ್ನು ಈ ಪ್ಲಾಸ್ಟಿಕ್ ತುಂಡುಗಳಿಗೇ ಮೀಸಲಿಡುತ್ತಿದ್ದೇವೆ. ಇಪ್ಪತ್ತು ವರ್ಷ ಬೆವರು ಸುರಿಸಿ ದುಡಿದ ಹಣದ ಬಾಗಿಲು ಇದೇ ಕಾರ್ಡಿನಿಂದ ತೆರೆಯುವುದು.

ಮೊದಲು ಮೂಲ ವಿಷಯ. ನಮ್ಮೂರಿನ ದಿನಸಿ ಅಂಗಡಿ ನೆನಪಿಸಿಕೊಳ್ಳಿ. ಅಲ್ಲಿ ಎರಡು ರೀತಿ ಸಾಮಾನು ತರಬಹುದಿತ್ತು. ಕೈಯಲ್ಲಿ ಹಣ ಕೊಟ್ಟು ತರುವುದು ಒಂದು, 'ಲೆಕ್ಕಕ್ಕೆ ಬರೆಯಿರಿ' ಅಂತ ಹೇಳಿ ತಂದು ತಿಂಗಳ ಕೊನೆಗೆ ಕೊಡುವುದು ಇನ್ನೊಂದು. ಡೆಬಿಟ್ ಕಾರ್ಡ್ ಮೊದಲನೆಯದು. ಬ್ಯಾಂಕಿನಲ್ಲಿ ನಿಮ್ಮದೇ ಹಣ ಇರುತ್ತದೆ, ಕಾರ್ಡ್ ಉಜ್ಜಿದ ಕೂಡಲೇ ಅದರಿಂದ ಕಳೆಯುತ್ತದೆ. ಕ್ರೆಡಿಟ್ ಕಾರ್ಡ್ ಎರಡನೆಯದು. ಅದಕ್ಕೂ ನಿಮ್ಮ ಸಂಬಳದ ಖಾತೆಗೂ ನೇರ ಸಂಬಂಧ ಇಲ್ಲ. ಅದು ತಾನೇ ಒಂದು ಸಾಲದ ಖಾತೆ, ಅದಕ್ಕೆ ಬೇರೆಯೇ ಲೆಕ್ಕ. ಬಿಲ್ಲು ಕಟ್ಟುವುದಕ್ಕಾಗಿ 'ಆಟೋ ಡೆಬಿಟ್'ಗೆ ನೀವು ಒಪ್ಪಿಗೆ ಕೊಟ್ಟಾಗ ಮಾತ್ರ ಅದು ಸಂಬಳದ ಖಾತೆಗೆ ಕೊಂಡಿ ಹಾಕಿಕೊಳ್ಳುತ್ತದೆ.

ಕಾರ್ಡಿನ ಮೇಲಿನ 16 ಅಂಕೆ ಖಾತೆ ನಂಬರ್ ಅಲ್ಲ. ಕಾರ್ಡ್ ಕಳೆದು ಹೊಸದು ಬಂದರೆ ಆ ಅಂಕೆ ಬದಲಾಗುತ್ತದೆ, ಖಾತೆ ಹಾಗೆಯೇ ಇರುತ್ತದೆ. ವೀಸಾ, ಮಾಸ್ಟರ್‌ಕಾರ್ಡ್, ರುಪೇ, ಸೌದಿಯ ಮದಾ ಇವೆಲ್ಲ ಬ್ಯಾಂಕುಗಳಲ್ಲ, ಹಣ ಸಂಚರಿಸುವ ರಸ್ತೆಗಳು. ಎರಡು ಬ್ಯಾಂಕಿನ ಕಾರ್ಡುಗಳ ಮೇಲೆ ಒಂದೇ ವೀಸಾ ಗುರುತು ಇದ್ದ ಮಾತ್ರಕ್ಕೆ ಖಾತೆ ಒಂದೇ ಆಗುವುದಿಲ್ಲ.

ಒಂದೇ ಬ್ಯಾಂಕಿನಲ್ಲಿ ಎರಡು ಮೂರು ಖಾತೆ ಇದ್ದರೆ ಒಂದೇ ಡೆಬಿಟ್ ಕಾರ್ಡಿಗೆ ಎಲ್ಲವನ್ನೂ ಜೋಡಿಸುವ ಸೌಲಭ್ಯ ಹಲವು ಬ್ಯಾಂಕುಗಳಲ್ಲಿ ಉಂಟು. ಆಗ ಒಂದು ಖಾತೆ 'ಪ್ರೈಮರಿ' ಆಗಿರುತ್ತದೆ. ಆ ಬ್ಯಾಂಕಿನ ಎಟಿಎಂನಲ್ಲಿ ಯಾವ ಖಾತೆ ಅಂತ ಆರಿಸಿಕೊಳ್ಳಬಹುದು. ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಮಾತ್ರ ಸಾಮಾನ್ಯವಾಗಿ ಪ್ರೈಮರಿ ಖಾತೆಯಿಂದಲೇ ಹೋಗುತ್ತದೆ. ಮನೆ ಸಾಲದ ಕಂತಿಗೆ ಅಂತ ಇಟ್ಟ ಹಣ ಟಿಕೆಟ್ ಬುಕಿಂಗಿಗೆ ಕರಗಿ, ಕಂತು ಬೌನ್ಸ್ ಆಗುವುದು ಹೀಗೆ. ಪ್ರೈಮರಿ ಯಾವುದು ಅಂತ ಬ್ಯಾಂಕಿಗೆ ಒಂದು ಫೋನ್ ಮಾಡಿ ಕೇಳಿ ಇಟ್ಟುಕೊಳ್ಳಿ.

ಇನ್ನು ಇಲ್ಲಿನ ಸಂಬಳದ ಕಾರ್ಡ್. ಯುಎಇಯಲ್ಲಿ 2009ರಿಂದ ವೇತನ ಸಂರಕ್ಷಣಾ ವ್ಯವಸ್ಥೆ, ಅಂದರೆ ಡಬ್ಲ್ಯುಪಿಎಸ್ ಬಂತು. ನಂತರ ಸೌದಿ, ಕತಾರ್ ಮೊದಲಾದ ಕಡೆಯೂ ಬಂತು. ಕ್ಯಾಂಪಿನಲ್ಲಿರುವ ನಮ್ಮ ಅನೇಕ ಸಹೋದರರ ಕೈಯಲ್ಲಿರುವುದು ಪೂರ್ಣ ಬ್ಯಾಂಕ್ ಖಾತೆಯ ಡೆಬಿಟ್ ಕಾರ್ಡ್ ಅಲ್ಲ. ಕಂಪೆನಿ ಸಂಬಳ ತುಂಬಿಸುವ ಪೇರೋಲ್ ಕಾರ್ಡ್ ಅದು. ನೋಡಲು ಎರಡೂ ಒಂದೇ. ಆದರೆ ಅದಕ್ಕೆ ಚೆಕ್ ಪುಸ್ತಕ ಇಲ್ಲ, ವೀಸಾ ಕ್ಯಾನ್ಸಲ್ ಆದ ಮೇಲೆ ಅದು ನಿಂತು ಹೋಗಬಹುದು. ಊರಿಗೆ ಹೊರಡುವ ಮೊದಲು ಅದರಲ್ಲಿ ಒಂದು ದಿರ್ಹಮ್ ಕೂಡ ಬಿಡಬೇಡಿ.

ಆ ಕಾರ್ಡನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಕೆಲವು ಕಡೆ ಫೋರ್‌ಮನ್ ಅಥವಾ ಕ್ಯಾಂಪ್ ಬಾಸ್ ಎಲ್ಲರ ಕಾರ್ಡ್ ಒಟ್ಟು ಮಾಡಿ, ಪಿನ್ ಬರೆದುಕೊಂಡು, 'ನಾನೇ ತೆಗೆದು ಕೊಡ್ತೇನೆ' ಅನ್ನುವ ಪದ್ಧತಿ ಉಂಟು. ದೂರದ ಎಟಿಎಂಗೆ ಹೋಗುವ ಕಷ್ಟ ತಪ್ಪುತ್ತದೆ ಅಂತ ನಮ್ಮವರೂ ಕೊಟ್ಟುಬಿಡುತ್ತಾರೆ. ಸಂಬಳ ಕಡಿತವಾದರೂ ತಡವಾದರೂ ಸರ್ಕಾರದ ದಾಖಲೆಯಲ್ಲಿ 'ಸಂಬಳ ಪಾವತಿಯಾಗಿದೆ' ಅಂತಲೇ ಇರುತ್ತದೆ. ಆಮೇಲೆ ದೂರು ಕೊಡಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಇದು ಉಪಕಾರ ಅಲ್ಲ, ನಿಮ್ಮ ದುಡಿಮೆಯ ಬೀಗದ ಕೈ ಇನ್ನೊಬ್ಬರ ಜೇಬಿನಲ್ಲಿ ಇರುವುದು.

ಊರಿನ ಕಡೆಯ ಖಾತೆಗಳಲ್ಲಿ ಗೊಂದಲ ಇನ್ನೂ ಹೆಚ್ಚು. ಭಾರತೀಯ ಅನಿವಾಸಿಗೆ ಮುಖ್ಯವಾಗಿ ಎರಡು ಬಗೆಯ ರೂಪಾಯಿ ಖಾತೆ. ಎನ್‌ಆರ್‌ಇ ಖಾತೆಗೆ ವಿದೇಶದ ದುಡಿಮೆಯ ಹಣ ಹೋಗುತ್ತದೆ. ಆ ಹಣವನ್ನು ಬೇಕಾದಾಗ ಮರಳಿ ವಿದೇಶಕ್ಕೆ ತರಬಹುದು, ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಓ ಖಾತೆ ಊರಿನಲ್ಲಿ ಹುಟ್ಟುವ ಆದಾಯಕ್ಕೆ, ಅಂದರೆ ಅಂಗಡಿ ಬಾಡಿಗೆ, ತೋಟದ ಹಣ, ಜಾಗ ಮಾರಿದ ಹಣ. ಅದರ ಬಡ್ಡಿಗೆ ಶೇ. 30 ಮತ್ತು ಸೆಸ್ ಮೂಲದಲ್ಲೇ ಕಡಿತವಾಗುತ್ತದೆ. ಅದರಿಂದ ಹೊರದೇಶಕ್ಕೆ ಕಳುಹಿಸಲು ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ. ಊರಿನ ಬಾಡಿಗೆ ಹಣವನ್ನಾಗಲಿ, ಯಾರೋ ತಂದುಕೊಟ್ಟ ರೂಪಾಯಿ ನಗದನ್ನಾಗಲಿ ಎನ್‌ಆರ್‌ಇಗೆ ಹಾಕುವಂತಿಲ್ಲ.

ಮೂರನೆಯದು, ನಾವು ಮರೆತುಬಿಟ್ಟ ಹಳೆಯ ಉಳಿತಾಯ ಖಾತೆ. ಕೆಲಸಕ್ಕೆಂದು ಗಲ್ಫಿಗೆ ಬಂದ ಮೇಲೆ ವಿದೇಶಿ ವಿನಿಮಯ ಕಾಯ್ದೆ ಫೆಮಾ ಪ್ರಕಾರ ಅದನ್ನು ಎನ್‌ಆರ್‌ಓ ಆಗಿ ಬದಲಿಸಲೇಬೇಕು. ಕಾರ್ಡ್ ಕೆಲಸ ಮಾಡ್ತದಲ್ಲ, ಮತ್ತೆ ಎಂತಕ್ಕೆ ಅಂತ ಸುಮ್ಮನಿರುವವರು ಬಹಳ. ಉಲ್ಲಂಘನೆ ಸಾಬೀತಾದರೆ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಲು ಅದೇ ಕಾಯ್ದೆಯಲ್ಲಿ ಅವಕಾಶ ಉಂಟು. ಮುಂದಿನ ರಜೆಯಲ್ಲಿ ಮಾಡಬೇಕಾದ ಮೊದಲ ಕೆಲಸ ಇದು.

ನಮ್ಮ ಕರಾವಳಿಗೆ ಇನ್ನೊಂದು ವಿಶೇಷ ಸಮಸ್ಯೆ ಉಂಟು. ದಕ್ಷಿಣ ಕನ್ನಡ ಮತ್ತು ಉಡುಪಿ ಬ್ಯಾಂಕುಗಳ ತವರು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಬ್ಯಾಂಕೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ನಮ್ಮ ಉಪ್ಪಂದಿರ ಪಾಸ್‌ಬುಕ್ಕುಗಳು ಇಂತಹ ಊರಿನ ಬ್ಯಾಂಕುಗಳವು. ಈಗ ಹೆಸರುಗಳೇ ಉಳಿದಿಲ್ಲ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿದವು. ಐಎಫ್‌ಎಸ್‌ಸಿ ಕೋಡ್ ಬದಲಾಯಿತು, ಹಳೆಯ ಕಾರ್ಡುಗಳ ಕಾಲ ಮುಗಿಯಿತು. ಆ ಖಾತೆಗಳು ಎಲ್ಲಿಗೂ ಹೋಗಿಲ್ಲ, ವಿಲೀನವಾದ ಬ್ಯಾಂಕಿನಲ್ಲಿ ಉಂಟು. ಆದರೆ ಎರಡು ವರ್ಷ ವ್ಯವಹಾರ ಇಲ್ಲದಿದ್ದರೆ ಖಾತೆ ನಿಷ್ಕ್ರಿಯ ಆಗುತ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ವರ್ಗವಾಗುತ್ತದೆ. ಆಗಲೂ ಹಕ್ಕುದಾರರು ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು. ಆದರೆ ಕೇಳಬೇಕಾದರೆ ಅಂತಹ ಖಾತೆ ಇದೆ ಅಂತ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು.

ಮೊಬೈಲ್ ನಂಬರಿನ ವಿಷಯಕ್ಕೆ ಬರೋಣ. ಕಾರ್ಡ್ ಇಲ್ಲಿ, ಖಾತೆ ಅಲ್ಲಿ, ಓಟಿಪಿ ಬರುವ ಸಿಮ್ ಮನೆಯ ಕಪಾಟಿನಲ್ಲಿ ರೀಚಾರ್ಜ್ ಇಲ್ಲದೆ ಮಲಗಿದೆ. ತಿಂಗಳುಗಟ್ಟಲೆ ಬಳಸದ ನಂಬರನ್ನು ಕಂಪೆನಿ ನಿಲ್ಲಿಸುತ್ತದೆ, ಸ್ವಲ್ಪ ಸಮಯದ ನಂತರ ಬೇರೆಯವರಿಗೆ ಕೊಡುತ್ತದೆ. ನಿಮ್ಮ ಖಾತೆಯ ಸಂದೇಶಗಳು ಪರಿಚಯವೇ ಇಲ್ಲದ ಮನುಷ್ಯನ ಫೋನಿಗೆ ಹೋಗುತ್ತಿರಬಹುದು. ಒಂದೋ ಆ ಸಿಮ್ಮನ್ನು ಜೀವಂತ ಇಡಿ, ಇಲ್ಲವೇ ಬ್ಯಾಂಕಿಗೆ ಅರ್ಜಿ ಕೊಟ್ಟು ಇಲ್ಲಿನ ನಂಬರನ್ನು ನೋಂದಾಯಿಸಿ. 2023ರಿಂದ ಯುಎಇ, ಸೌದಿ, ಕತಾರ್, ಒಮಾನ್ ಸೇರಿ ಕೆಲವು ದೇಶಗಳ ನಂಬರಿನಲ್ಲೇ ಎನ್‌ಆರ್‌ಇ, ಎನ್‌ಆರ್‌ಓ ಖಾತೆಗೆ ಯುಪಿಐ ಜೋಡಿಸಲು ಅವಕಾಶ ಉಂಟು. ಎಲ್ಲ ಬ್ಯಾಂಕುಗಳೂ ಕೊಡುವುದಿಲ್ಲ, ಕೇಳಿ ನೋಡಿ.

ಯುಪಿಐ ಬಗ್ಗೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಅದು ಜೋಡಣೆಯಾಗುವುದು ನೇರ ಖಾತೆಗೆ. ಪಿನ್ ಹಾಕುವಾಗ ಡೆಬಿಟ್ ಕಾರ್ಡಿನ ಕೊನೆಯ ಅಂಕೆಗಳನ್ನು ಕೇಳುವುದು ಖಾತೆ ನಿಮ್ಮದೇ ಅಂತ ಖಚಿತಪಡಿಸಲಿಕ್ಕೆ ಅಷ್ಟೆ. ಹಾಗಾಗಿ ಫೋನ್ ಮತ್ತು ಪರ್ಸ್ ಎರಡೂ ಕಳೆದಾಗ ಕಾರ್ಡ್ ಬ್ಲಾಕ್ ಮಾಡಿದರೆ ಸಾಲದು, ಯುಪಿಐ ಮತ್ತು ಸಿಮ್ಮನ್ನೂ ನಿಲ್ಲಿಸಬೇಕು.

ಕಾರ್ಡನ್ನು ಮನೆಯವರಿಗೆ ಕೊಟ್ಟು ಬರುವ ಅಭ್ಯಾಸವನ್ನೂ ಮರುಯೋಚಿಸಬೇಕು. ಹೆಂಡತಿಯ ಕೈಗೆ ನಮ್ಮ ಎಟಿಎಂ ಕಾರ್ಡ್, ಒಂದು ಚೀಟಿಯಲ್ಲಿ ಪಿನ್. ಅವರಿಗೆ ಆಗದಿದ್ದರೆ ಪಕ್ಕದ ಮನೆ ಹುಡುಗ, ಅಥವಾ ಆಟೋದವರು ತೆಗೆದು ತರುವುದು. ನಂಬಿಕೆಯ ವಿಷಯ ಬಿಡಿ, ಕಾನೂನು ಏನು ಹೇಳುತ್ತದೆ ನೋಡಿ. ಬೆಂಗಳೂರಿನಲ್ಲಿ ಗಂಡ ಹೆಂಡತಿಯ ಕಾರ್ಡಿನಿಂದ 25,000 ರೂಪಾಯಿ ತೆಗೆಯಲು ಹೋದಾಗ ಯಂತ್ರದಿಂದ ಹಣ ಬರಲಿಲ್ಲ, ಖಾತೆಯಿಂದ ಮಾತ್ರ ಕಡಿತವಾಯಿತು. ಪಿನ್ ಇನ್ನೊಬ್ಬರಿಗೆ, ಅದು ಗಂಡನಿಗೇ ಆದರೂ, ಕೊಟ್ಟದ್ದು ನಿಯಮದ ಉಲ್ಲಂಘನೆ ಅಂತ 2018ರಲ್ಲಿ ಗ್ರಾಹಕ ವೇದಿಕೆ ಆ ದೂರನ್ನು ತಳ್ಳಿಹಾಕಿತು. ನಮ್ಮ ಕಾರ್ಡಿಗೂ ಇದೇ ನಿಯಮ.

ಪರಿಹಾರ ಸುಲಭ. ಹೆಂಡತಿಯ ಹೆಸರಿನಲ್ಲೇ, ಉಮ್ಮನ ಹೆಸರಿನಲ್ಲೇ ಒಂದು ಸಾಧಾರಣ ಉಳಿತಾಯ ಖಾತೆ ತೆರೆಯಿರಿ. ಅದಕ್ಕೆ ಅವರದೇ ಡೆಬಿಟ್ ಕಾರ್ಡ್, ಅವರದೇ ಮೊಬೈಲ್ ನಂಬರ್. ನಿಮ್ಮ ಎನ್‌ಆರ್‌ಇಯಿಂದ ತಿಂಗಳ ಖರ್ಚು ತಾನಾಗಿ ಅಲ್ಲಿಗೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ಆ ಕಾರ್ಡ್ ಕಳೆದರೂ ಹೋಗುವುದು ಒಂದು ತಿಂಗಳ ಖರ್ಚು ಮಾತ್ರ, ಹತ್ತು ವರ್ಷದ ಉಳಿತಾಯ ಅಲ್ಲ. ಮೇಲಾಗಿ, ಪ್ರತಿ ನೂರು ರೂಪಾಯಿಗೂ ಗಂಡನ ಕಾರ್ಡ್ ಹಿಡಿಯಬೇಕಾದ ನಮ್ಮ ಹೆಣ್ಣುಮಕ್ಕಳಿಗೆ ತಮ್ಮದೇ ಖಾತೆ ಇರುವುದು ಮರ್ಯಾದೆಯ ವಿಷಯವೂ ಹೌದು.

ಯುವಕರಿಗೆ ಒಂದು ಎಚ್ಚರಿಕೆ. 'ನಿನ್ನ ಖಾತೆ ಮತ್ತು ಎಟಿಎಂ ಕಾರ್ಡ್ ಒಂದು ತಿಂಗಳಿಗೆ ಕೊಡು, ಕಮಿಷನ್ ಕೊಡ್ತೇನೆ' ಅನ್ನುವವರು ಊರಲ್ಲೂ ಉಂಟು, ಇಲ್ಲೂ ಉಂಟು. ಆನ್‌ಲೈನ್ ವಂಚನೆಯ ಹಣ ಸಾಗುವುದು ಇಂತಹ ಬಾಡಿಗೆ ಖಾತೆಗಳಲ್ಲಿ. ಪೊಲೀಸರು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಎರಡು ರೂಪಾಯಿ ಜಾಸ್ತಿ ಸಿಗುತ್ತದೆ ಅಂತ ಹುಂಡಿಯಲ್ಲಿ ಕಳುಹಿಸಿದಾಗಲೂ ಗುರುತಿಲ್ಲದ ಖಾತೆಯಿಂದ ಬಂದ ಹಣದ ಕಾರಣಕ್ಕೆ ಮನೆಯವರ ಖಾತೆ ಸ್ಥಗಿತವಾಗುವ ಅಪಾಯ ಉಂಟು. ಬಿಡಿಸಿಕೊಳ್ಳಲು ಬೇರೆ ರಾಜ್ಯದ ಪೊಲೀಸ್ ಠಾಣೆಗೆ ಅಲೆಯಬೇಕಾದೀತು. ಉಳಿಸಿದ ಎರಡು ರೂಪಾಯಿ ಆಗ ಎಲ್ಲಿ ಹೋಯಿತು?

ವಂಚನೆ ಆದರೆ ತಡಮಾಡಬೇಡಿ. ಭಾರತದ ಖಾತೆಯಾದರೆ ಬ್ಯಾಂಕಿಗೆ ಮತ್ತು ಊರಿನಲ್ಲಿರುವವರ ಮೂಲಕ 1930 ಸಹಾಯವಾಣಿಗೆ ಕೂಡಲೇ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ನಿಮ್ಮ ಕಡೆಯಿಂದ ತಪ್ಪಿಲ್ಲದೆ ಹೊರಗಿನವರಿಂದ ನಡೆದ ಮೋಸವನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ಓಟಿಪಿ ನೀವೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ. ಹಾಗೆಯೇ, ಕಾರ್ಡಿನ ಆನ್‌ಲೈನ್ ಮತ್ತು ವಿದೇಶಿ ಬಳಕೆಯನ್ನು ಆ್ಯಪ್‌ನಲ್ಲೇ ಆನ್ ಆಫ್ ಮಾಡುವ ಸೌಲಭ್ಯ 2020ರಿಂದ ಉಂಟು. ಬಳಸದ ದಿನ ಆಫ್ ಮಾಡಿಡಿ.

ಈಗ ಕ್ರೆಡಿಟ್ ಕಾರ್ಡಿಗೆ ಬರೋಣ. ಬಡ್ಡಿ ಹರಾಮ್ ಅಂತ ನಂಬಿದವರು ನಾವು. ಊರಿನಲ್ಲಿ ಬಡ್ಡಿ ಸಾಲಕ್ಕೆ ಹೋಗುವವನನ್ನು ನೋಡಿ ಮರುಗುತ್ತೇವೆ. ಅದೇ ಬಡ್ಡಿ ನಮ್ಮ ಪರ್ಸಿನಲ್ಲಿ ಹೊಳೆಯುವ ಕಾರ್ಡಾಗಿ ಕುಳಿತಿರುವುದು ಕಾಣುವುದಿಲ್ಲ. ಗಡುವಿನೊಳಗೆ ಪೂರ್ತಿ ಬಿಲ್ ಕಟ್ಟಿದರೆ ಖರೀದಿಗೆ ಬಡ್ಡಿ ಇಲ್ಲ. 'ಕನಿಷ್ಠ ಮೊತ್ತ' ಮಾತ್ರ ಕಟ್ಟಿದರೆ ಏನಾಗುತ್ತದೆ ನೋಡಿ. 5,000 ದಿರ್ಹಮ್ ಬಾಕಿ, ತಿಂಗಳಿಗೆ ಶೇ. 3 ಬಡ್ಡಿ, ಶೇ. 5 ಕನಿಷ್ಠ ಪಾವತಿ ಅಂತ ಇಟ್ಟುಕೊಳ್ಳಿ. ನೀವು ಕಟ್ಟಿದ್ದು 250. ಅದರಲ್ಲಿ 150 ಬಡ್ಡಿಗೆ ಹೋಯಿತು, ಸಾಲದಿಂದ ಇಳಿದದ್ದು 100. ಇದೇ ಲೆಕ್ಕದಲ್ಲಿ ಮೂಲ ಸಾಲ ಅರ್ಧಕ್ಕೆ ಇಳಿಯಲು ಸುಮಾರು ಮೂರು ವರ್ಷ ಬೇಕು, ಅದೂ ಹೊಸದಾಗಿ ಒಂದು ದಿರ್ಹಮ್ ಖರ್ಚು ಮಾಡದಿದ್ದರೆ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರೆ ಶುಲ್ಕ ಬೇರೆ, ಬಡ್ಡಿ ಮೊದಲ ದಿನದಿಂದಲೇ ಶುರು.

ಆಟೋ ಡೆಬಿಟ್ ಇದ್ದರೆ ಎರಡು ವಿಷಯ ನೋಡಿ. ಕಡಿತವಾಗುವುದು ಪೂರ್ತಿ ಬಿಲ್ಲಾ, ಶೇ. 5 ಮಾತ್ರವಾ? ಸಂಬಳ ಬರುವ ದಿನಕ್ಕೂ ಬಿಲ್ಲಿನ ಗಡುವಿಗೂ ಹೊಂದಾಣಿಕೆ ಉಂಟಾ? ಒಂದನೇ ತಾರೀಕಿಗೆ ಗಡುವು, ಐದನೇ ತಾರೀಕಿಗೆ ಸಂಬಳ ಅಂತಾದರೆ ಪ್ರತಿ ತಿಂಗಳೂ ದಂಡ. ಗಡುವಿನ ದಿನ ಬದಲಿಸಿಕೊಡಿ ಅಂತ ಬ್ಯಾಂಕಿಗೆ ಕೇಳಬಹುದು. ಮನೆಯವರಿಗೆ ಕೊಡಿಸಿದ ಹೆಚ್ಚುವರಿ ಕಾರ್ಡಿನ ಖರ್ಚೂ ನಿಮ್ಮ ಸಾಲದ ಲೆಕ್ಕಕ್ಕೇ ಬರುತ್ತದೆ ಅನ್ನುವುದು ನೆನಪಿರಲಿ.

ಕೆಲಸ ಬಿಟ್ಟು ಊರಿಗೆ ಹೊರಡುವಾಗ ಈ ಕೊಂಡಿ ಬಿಗಿಯಾಗುತ್ತದೆ. ಗ್ರಾಚ್ಯುಟಿ ಸಂಬಳದ ಖಾತೆಗೆ ಬಂದ ಕೂಡಲೇ, ಅದೇ ಬ್ಯಾಂಕಿನ ಕಾರ್ಡ್ ಬಾಕಿ ಇದ್ದರೆ ಬ್ಯಾಂಕ್ ಆ ಹಣ ತಡೆಹಿಡಿಯಬಹುದು. ಟಿಕೆಟ್ ಕೈಯಲ್ಲಿ, ಹಣ ಖಾತೆಯಲ್ಲಿ, ತೆಗೆಯಲು ಆಗುವುದಿಲ್ಲ. ಬಳಸದ ಕಾರ್ಡನ್ನು ಕತ್ತರಿಸಿ ಬಿಸಾಡಿದರೆ ಖಾತೆ ಮುಚ್ಚಿದಂತೆ ಆಗುವುದಿಲ್ಲ. ವಾರ್ಷಿಕ ಶುಲ್ಕ, ಅದಕ್ಕೆ ದಂಡ, ದಂಡಕ್ಕೆ ಬಡ್ಡಿ ಅಂತ ಬೆಳೆಯುತ್ತಾ ಹೋಗಿ, ಬ್ಯಾಂಕ್ ಕೋರ್ಟಿಗೆ ಹೋದರೆ ಪ್ರಯಾಣ ನಿರ್ಬಂಧದವರೆಗೂ ಮುಟ್ಟಬಹುದು. ಬಾಕಿ ತೀರಿಸಿ, ಕಾರ್ಡ್ ಮುಚ್ಚಿಸಿ, 'ಬಾಕಿ ಇಲ್ಲ' ಎಂಬ ಪತ್ರ ಕೈಗೆ ಬಂದ ಮೇಲೆಯೇ ಹೊರಡಿ. ಯುಎಇಯಲ್ಲಿರುವವರು ಅಲ್ ಇತ್ತಿಹಾದ್ ಕ್ರೆಡಿಟ್ ಬ್ಯೂರೋದ ವರದಿ ತೆಗೆದರೆ ನಿಮ್ಮ ಹೆಸರಿನಲ್ಲಿರುವ ಸಾಲ ಮತ್ತು ಕಾರ್ಡುಗಳ ಪಟ್ಟಿ ಸಿಗುತ್ತದೆ. ಸೌದಿಯಲ್ಲಿ ಅದೇ ಕೆಲಸ ಮಾಡುವುದು ಸಿಮಾಹ್.

ಕೊನೆಯ ಮಾತು ಹೇಳಲು ಕಷ್ಟ, ಆದರೆ ಹೇಳಲೇಬೇಕು. ಮಯ್ಯಿತ್ ನಮಾಝಿನ ಮೊದಲು ಮನೆಯವರೊಬ್ಬರು ಎದ್ದು ನಿಂತು, 'ಮರಹೂಮರಿಂದ ಯಾರಿಗಾದರೂ ಏನಾದರೂ ಬರಬೇಕಾಗಿದ್ದರೆ ನಮಗೆ ತಿಳಿಸಿ' ಅಂತ ಹೇಳುವ ಪದ್ಧತಿ ನಮ್ಮಲ್ಲಿ ಉಂಟು. ಅಲ್ಲಿ ಎದ್ದು ಬಂದು ಹೇಳಲು ಬ್ಯಾಂಕಿಗೆ ಬಾಯಿ ಇಲ್ಲ. ವಾರಸು ಹಂಚುವ ಮೊದಲು ತೀರಿಸಬೇಕಾದದ್ದು ಸಾಲ. ಆ ಸಾಲ ಎಷ್ಟು, ಯಾವ ಕಾರ್ಡಿನಲ್ಲಿ ಅಂತಲೇ ಮನೆಯವರಿಗೆ ಗೊತ್ತಿಲ್ಲದಿದ್ದರೆ ಏನು ಮಾಡುವುದು?

ಇನ್ನೊಂದು ಕಡೆ, ಊರಿನಲ್ಲಿ ಕಾರ್ಡ್ ಕೈಯಲ್ಲಿದೆ ಅಂತ ಮರಣದ ನಂತರವೂ ಹಣ ತೆಗೆಯುತ್ತಾ ಹೋಗುತ್ತಾರೆ. ಅದು ತಪ್ಪು. ಖಾತೆದಾರ ತೀರಿದ ಮೇಲೆ ಆ ಹಣ ಎಲ್ಲ ವಾರಸುದಾರರ ಹಕ್ಕು. ಮುಂದೆ ಅಣ್ಣತಮ್ಮಂದಿರ ಜಗಳಕ್ಕೂ ಕೋರ್ಟಿಗೂ ಅದೇ ದಾರಿ. ಖಾತೆಗೆ ನಾಮಿನಿ ಹಾಕಿಸಿ. ಭಾರತದಲ್ಲಿ 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಹೆಸರಿಸಬಹುದು. ನಾಮಿನಿ ಹಣ ಪಡೆದು ಹಕ್ಕುದಾರರಿಗೆ ತಲುಪಿಸಬೇಕಾದ ಅಮಾನತುದಾರ, ಮಾಲಕ ಅಲ್ಲ. ಎನ್‌ಆರ್‌ಇ ಖಾತೆಗೆ ಊರಿನಲ್ಲಿರುವ ಹತ್ತಿರದ ಸಂಬಂಧಿಯನ್ನು 'ಫಾರ್ಮರ್ ಆರ್ ಸರ್ವೈವರ್' ಎಂಬ ಷರತ್ತಿನಲ್ಲಿ ಜಂಟಿಯಾಗಿ ಸೇರಿಸಲೂ ಬರುತ್ತದೆ. ನೀವಿರುವವರೆಗೆ ವ್ಯವಹಾರ ನಿಮ್ಮದು, ನಂತರ ಅವರದು. ಕೆಲವು ಡೆಬಿಟ್ ಕಾರ್ಡಿಗೆ ಅಪಘಾತ ವಿಮೆ ಇರುತ್ತದೆ, ಕೆಲವು ಕ್ರೆಡಿಟ್ ಕಾರ್ಡಿಗೆ ಸಾಲ ತೀರಿಸುವ ವಿಮೆ ಇರುತ್ತದೆ. ಕಾರ್ಡ್ ಇತ್ತು ಅಂತಲೇ ಗೊತ್ತಿಲ್ಲದ ಕುಟುಂಬ ಅದನ್ನು ಕೇಳುವುದು ಹೇಗೆ?

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ, ಅಲ್ ಬಕರ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತದ್ದು. ಲೆಕ್ಕ ಬರೆದಿಡುವುದು ಅಕೌಂಟೆಂಟರ ಕೆಲಸ ಮಾತ್ರ ಅಂತ ತಿಳಿದವರು ಇದನ್ನು ಯೋಚಿಸಬೇಕು.

ಹಾಗಾಗಿ ಪ್ರತಿಯೊಬ್ಬ ಸದಸ್ಯರಲ್ಲಿ ನಮ್ಮ ಕೋರಿಕೆ ಇಷ್ಟೆ. ಒಂದು ಕಾಗದ ತೆಗೆದುಕೊಳ್ಳಿ. ಕಾರ್ಡಿನ ಕೊನೆಯ ನಾಲ್ಕು ಅಂಕೆ, ಬ್ಯಾಂಕು ಮತ್ತು ಶಾಖೆ, ಖಾತೆಯ ಬಗೆ, ಜೋಡಿಸಿದ ಮೊಬೈಲ್ ನಂಬರ್, ನಾಮಿನಿ, ಅದರಿಂದ ಹೋಗುವ ಕಂತುಗಳು, ಕ್ರೆಡಿಟ್ ಕಾರ್ಡಾದರೆ ಬಾಕಿ ಎಷ್ಟು ಅಂತ ಬರೆಯಿರಿ. ಪಿನ್, ಪಾಸ್‌ವರ್ಡ್, ಕಾರ್ಡಿನ ಹಿಂದಿನ ಮೂರು ಅಂಕೆ ಬರೆಯಬೇಡಿ. ಒಂದು ಪ್ರತಿ ಮನೆಯ ಪತ್ರಗಳ ಜೊತೆ ಇರಲಿ, ವರ್ಷಕ್ಕೊಮ್ಮೆ ರಮಝಾನಿನಲ್ಲಿ ಝಕಾತ್ ಲೆಕ್ಕ ಹಾಕುವ ದಿನ ಅದನ್ನೂ ತಿದ್ದಿ. ಝಕಾತಿಗೂ ಎಲ್ಲ ಖಾತೆಯ ಮೊತ್ತ ಬೇಕಲ್ಲ, ಎರಡು ಕೆಲಸ ಒಟ್ಟಿಗೆ ಆಗುತ್ತದೆ.

ನಮ್ಮ ಘಟಕಗಳಿಗೂ ಒಂದು ಮಾತು. ಇಫ್ತಾರ್ ಕೂಟ, ಕ್ರೀಡಾಕೂಟ, ಸನ್ಮಾನ ಎಲ್ಲ ಬೇಕು, ಇರಲಿ. ಅದರ ನಡುವೆ ಒಂದು ಶುಕ್ರವಾರ ಸಂಜೆ ಕ್ಯಾಂಪುಗಳಿಗೆ ಹೋಗಿ, ಓದಲು ಬಾರದ ಸಹೋದರರ ಪಕ್ಕ ಕೂತು ಈ ಒಂದು ಪುಟ ತುಂಬಿಸಿಕೊಡಿ. ಫಾರಂ ಇಂಗ್ಲಿಷಿನಲ್ಲಿದೆ ಅಂತ ಸಹಿ ಮಾತ್ರ ಹಾಕಿ ಬರುವ ನಮ್ಮವರಿಗೆ ಕನ್ನಡದಲ್ಲೋ ಬ್ಯಾರಿಯಲ್ಲೋ ಹತ್ತು ನಿಮಿಷ ವಿವರಿಸಿದರೆ ಅದು ದೊಡ್ಡ ಸೇವೆ. ಊರಿನ ಜಮಾಅತ್‌ಗಳು ಇದೇ ಕೆಲಸವನ್ನು ಹೆಣ್ಣುಮಕ್ಕಳಿಗಾಗಿ ಮಾಡಿದರೆ ಇನ್ನೂ ಒಳ್ಳೆಯದು.

ದುಡಿದದ್ದು ನಾವು, ಕಾಯುತ್ತಿರುವುದು ಅವರು. ನಮ್ಮ ಹಣ ಎಲ್ಲಿದೆ, ನಮ್ಮ ಸಾಲ ಎಷ್ಟಿದೆ ಎಂಬುದು ಇಬ್ಬರಿಗೂ ಗೊತ್ತಿರಲಿ. ಹಲಾಲಾದ ದುಡಿಮೆಗೆ ಅಲ್ಲಾಹನು ಬರಕತ್ ನೀಡಲಿ, ಆಮೀನ್.